ಗುಂಪಿನ ಸದಸ್ಯರ ಗಮನಕ್ಕೆ: ಸ್ವತಂತ್ರ ತಂತ್ರಾಂಶದ ಕುರಿತು

ಕೊಪ್ಪಳ ಜಿಲ್ಲೆಯ ಡಿಟಿಪಿ ಹಾಗೂ ಜೆರಾಕ್ಸ್ ಅಂಗಡಿಗಳ ಸದಸ್ಯರಲ್ಲಿ ವಿನಂತಿ. ದುಡ್ಡು ಕೊಡದೆ ಇಳಿಸಿಕೊಂಡ ಮಾತ್ರಕ್ಕೆ ಯಾವ ತಂತ್ರಾಂಶವೂ ಸ್ವತಂತ್ರವಾಗುವುದಿಲ್ಲ. ಅದನ್ನು ಯಾವ ಕೆಲಸಕ್ಕಾದರೂ ಬಳಸುವ, ಅದರ ಸೋರ್ಸ್ ಕೋಡ್ (ತಂತ್ರಾಂಶವನ್ನು ಬರೆದ ಮೂಲ ಸಂಕೇತಗಳು) ಓದಿ ತಿದ್ದುವ, ಪ್ರತಿಯನ್ನು ಇತರರಿಗೆ ಕೊಡುವ, ತಿದ್ದಿದ ಪ್ರತಿಯನ್ನೂ ಹಂಚುವ ನಾಲ್ಕು ಹಕ್ಕುಗಳು ಬಳಕೆದಾರರಿಗೆ ಇರಬೇಕೆಂಬುದು ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಸ್ಥಾಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ನಿಲುವು. ಸೋರ್ಸ್ ಕೋಡ್ ಕೈಗೆ ಸಿಗದಿದ್ದರೆ ತಿದ್ದುವ ಹಕ್ಕು ಬರಿ ಕಾಗದದ ಮೇಲಿನದು. ಪತ್ರ, ಲೆಕ್ಕಪಟ್ಟಿ ಮುಂತಾದವನ್ನು ಸಿದ್ಧಪಡಿಸುವ ಲಿಬ್ರೆಆಫೀಸ್ ಇಂತಹ ಸ್ವತಂತ್ರ ತಂತ್ರಾಂಶವಾದ್ದರಿಂದ ಅದನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಗಂಗಾವತಿಯ ಅಂಗಡಿಯವರಿಗೆ ಕೊಟ್ಟರೂ, ಅಳವಡಿಸಿದ ಶ್ರಮಕ್ಕೆ ಹಣ ಪಡೆದರೂ ತಪ್ಪಲ್ಲ. ಕ್ರ್ಯಾಕ್ ಮಾಡಿದ (ಪರವಾನಗಿಯ ಬೀಗ ಮುರಿದ) ಪ್ರತಿಗಳನ್ನು ಮಾತ್ರ ದಯವಿಟ್ಟು ಇದರ ಜೊತೆ ಸೇರಿಸಬೇಡಿ. ಹಳೆಯ ‘ನುಡಿ’ ಅಕ್ಷರಶೈಲಿಯ (ಫಾಂಟ್) ಕಡತಗಳಿರುವವರು ಲಿಬ್ರೆಆಫೀಸ್ ಬಳಸುವ ಮೊದಲು ಅವುಗಳನ್ನು ಯುನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಗಳಿಗಿರುವ ಸಾಮಾನ್ಯ ಸಂಕೇತ ಪದ್ಧತಿಗೆ) ಪರಿವರ್ತಿಸಿಕೊಳ್ಳುವುದು ಒಳ್ಳೆಯದು.