ನೋವು ಹೋದರೆ ಹುಣ್ಣು ಹೋದಂತಲ್ಲ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಎರಡು ಸಲ ಓದಿದೆ. ಎದೆಗೂಡಿನ ಕೆಳಗೆ, ಹೊಕ್ಕುಳಿಗಿಂತ ಮೇಲೆ, ಒಂದು ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿ ಉರಿ. ನಡುರಾತ್ರಿ ಅದೇ ನೋವಿಗೆ ಎಚ್ಚರ. ಏನಾದರೂ ತಿಂದರೆ ಒಂದಷ್ಟು ಹೊತ್ತು ಸಮಾಧಾನ. ಆಮ್ಲ ತಗ್ಗಿಸುವ ಆಸಿಡ್ ಮಾತ್ರೆ ನುಂಗಿದರೆ ನಾಲ್ಕು ದಿನ ಸುಖ, ಬಿಟ್ಟರೆ ಮತ್ತೆ ಶುರು. ಹೀಗೇ ಮೂರು ತಿಂಗಳು ತಳ್ಳಿದ್ದೀಯ. ಜೊತೆಗೆ "ಗ್ಯಾಸ್ಟ್ರಿಕ್ ಅಷ್ಟೇ" ಅಂತ ನೀನೇ ಹೆಸರೂ ಇಟ್ಟುಕೊಂಡಿದ್ದೀಯ. ಹೊಟ್ಟೆಯಲ್ಲಿ ಏನೇ ಆದರೂ ಹೊಂದುವ ಹೆಸರು ಅದು. ಅದರಿಂದ ಕಾಯಿಲೆ ಏನೆಂದು ಗೊತ್ತಾಗುವುದಿಲ್ಲ, ಹುಡುಕುವ ಕೆಲಸ ಮಾತ್ರ ನಿಂತುಹೋಗುತ್ತದೆ. ನೀನು ಬರೆದದ್ದು ನೋಡಿದರೆ ಹೊಟ್ಟೆಯ ಹುಣ್ಣಿರಬಹುದು ಎನಿಸುತ್ತದೆ.

ಮಿಕ್ಕಿದ್ದನ್ನು ನಿಧಾನಕ್ಕೆ ಓದು, ಇದನ್ನು ಮಾತ್ರ ಈಗಲೇ ತಲೆಗೆ ಹಾಕಿಕೋ. ಮಲ ಡಾಂಬರಿನ ಹಾಗೆ ಕಪ್ಪಾಗಿ, ಅಂಟಂಟಾಗಿ, ಸಹಿಸಲಾಗದ ವಾಸನೆಯೊಂದಿಗೆ ಹೋದರೆ ಅದು ಮೇಲಿನಿಂದ ಇಳಿದು ಜೀರ್ಣವಾದ ರಕ್ತ. ವಾಂತಿಯಲ್ಲಿ ಕೆಂಪು ರಕ್ತ ಅಥವಾ ಕಾಫಿ ಗಸಿಯಂಥದ್ದು ಬಂದರೂ ಅದೇ ಅರ್ಥ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ತಣ್ಣನೆ ಬೆವರಿದರೆ ರಕ್ತ ಸಾಕಷ್ಟು ಹೋಗಿದೆ. ಇದ್ದಕ್ಕಿದ್ದಂತೆ ಚಾಕು ಹಾಕಿದಂಥ ನೋವು ಬಂದು ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾದರೆ ಹುಣ್ಣು ತೂತಾಗಿರಬಹುದು. ಇವುಗಳಲ್ಲಿ ಯಾವುದಾದರೂ ಸರಿ, ಬೆಳಗಾಗಲಿ ಎಂದು ಕಾಯಬೇಡ, ಏನೂ ತಿನ್ನದೆ ಕುಡಿಯದೆ ನೇರ ತುರ್ತು ವಿಭಾಗಕ್ಕೆ ಹೋಗು. ಕಬ್ಬಿಣದ ಮಾತ್ರೆ, ಹೊಟ್ಟೆಯ ತೊಂದರೆಗೆ ಕೊಡುವ ಬಿಸ್ಮತ್ ಮಾತ್ರೆಗಳೂ ಮಲವನ್ನು ಕಪ್ಪಾಗಿಸುತ್ತವೆ, ಆದರೆ ಆ ಅಂಟು, ಆ ನಾತ ಇರುವುದಿಲ್ಲ. ಅನುಮಾನವಿದ್ದರೆ ರಕ್ತವೆಂದೇ ತಿಳಿದು ಹೋಗು. ಇನ್ನೊಂದು: ನೋವು ಎದೆಗೆ, ತೋಳಿಗೆ, ದವಡೆಗೆ ಹರಡಿ ಉಸಿರು ಕಟ್ಟಿದರೆ ಹೊಟ್ಟೆ ಎಂದು ಕೂರಬೇಡ, ಹೃದಯಾಘಾತವೂ ಹೊಟ್ಟೆನೋವಿನ ವೇಷದಲ್ಲಿ ಬರುತ್ತದೆ.

ಈಗ ಹುಣ್ಣಿನ ವಿಷಯ. ಜಠರದೊಳಗಿನ ರಸ ಬಲು ತೀಕ್ಷ್ಣವಾದ ಆಮ್ಲ, ಅದರ ಪಿಎಚ್ (ಆಮ್ಲದ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಆಮ್ಲ ಜೋರು) 1ರಿಂದ 2ರ ಆಸುಪಾಸು. ಮಾಂಸವನ್ನೇ ಅರಗಿಸುವ ಆ ರಸ ಜಠರವನ್ನೇ ಅರಗಿಸದಿರುವುದು ಒಳಗೋಡೆಗೆ ಬಳಿದಂತಿರುವ ಲೋಳೆಯಿಂದ, ಆ ಲೋಳೆಯೊಳಗಿನ ಕ್ಷಾರದಿಂದ. ಲೋಳೆ ಕೆಟ್ಟ ಜಾಗದಲ್ಲಿ ಆಮ್ಲ ಗೋಡೆಯನ್ನು ತಿನ್ನುತ್ತದೆ. ಒಳಪದರವನ್ನು ದಾಟಿ ಸುಮಾರು 5 ಮಿಲಿಮೀಟರ್‌ಗಿಂತ ದೊಡ್ಡದಾದ ಗಾಯವಾದರೆ ಅದನ್ನು ಅಲ್ಸರ್ ಎನ್ನುತ್ತಾರೆ. ಅದು ಜಠರದಲ್ಲೂ ಆಗಬಹುದು, ಜಠರ ದಾಟಿದ ಕೂಡಲೇ ಬರುವ ಸಣ್ಣಕರುಳಿನ ಮೊದಲ ಭಾಗದಲ್ಲೂ ಆಗಬಹುದು. ಊಟವಾಗಿ ಎರಡು ಮೂರು ಗಂಟೆಗೆ, ರಾತ್ರಿ ಹೊತ್ತು ನೋವು ಬಂದು ತಿಂದರೆ ಇಳಿಯುವುದು ಕರುಳಿನ ಹುಣ್ಣಿನ ಲಕ್ಷಣ, ತಿಂದ ಕೂಡಲೇ ಹೆಚ್ಚುವುದು ಜಠರದ ಹುಣ್ಣಿನ ಲಕ್ಷಣ ಎನ್ನುವ ಮಾತಿದೆ. ಸುಳ್ಳಲ್ಲ, ಆದರೆ ಅದನ್ನೇ ನಂಬಿ ಯಾವ ಹುಣ್ಣೆಂದು ತೀರ್ಮಾನಿಸಲಾಗದು. ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ರಕ್ತ ಹೋಗುವತನಕ ನೋವೇ ಇರುವುದಿಲ್ಲ.

ಲೋಳೆ ಕೆಡಿಸುವವರು ಮುಖ್ಯವಾಗಿ ಇಬ್ಬರು. ಖಾರವೂ ಅಲ್ಲ, ಚಿಂತೆಯೂ ಅಲ್ಲ.

ಒಬ್ಬ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆಮ್ಲದಲ್ಲಿ ಯಾವ ಸೂಕ್ಷ್ಮಜೀವಿಯೂ ಬದುಕದು ಎಂದು ವೈದ್ಯರೇ ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಇದನ್ನು ತೋರಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾನೇ ಕುಡಿದು ಜಠರದ ಉರಿಯೂತ ತಂದುಕೊಂಡ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ಬ್ಯಾಕ್ಟೀರಿಯಾ ಗೊತ್ತಾಗುವವರೆಗೆ ಹುಣ್ಣು ಜೀವನಪರ್ಯಂತದ ಕಾಯಿಲೆ ಆಗಿತ್ತು. ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಈಗ ಸಾಮಾನ್ಯವಾಗಿ ಎರಡು ವಾರದ ಔಷಧಿಯಲ್ಲಿ ಬ್ಯಾಕ್ಟೀರಿಯಾ ಬೇರುಸಹಿತ ಹೋಗುತ್ತದೆ. ಸೋಂಕು ಸಾಮಾನ್ಯವಾಗಿ ಅಂಟುವುದು ಚಿಕ್ಕಂದಿನಲ್ಲಿ, ಮನೆಯವರಿಂದಲೇ. ಹಾಗಾಗಿ ನಿನ್ನೆ ಮೊನ್ನೆ ಏನು ತಿಂದೆ ಎಂದು ಹಲುಬಬೇಡ.

ಇನ್ನೊಬ್ಬ, ನೋವಿನ ಮಾತ್ರೆ. ಬೆನ್ನುನೋವಿಗೆಂದು ತಿಂಗಳುಗಟ್ಟಲೆ ಐಬುಪ್ರೊಫೇನ್ ನುಂಗುತ್ತಿದ್ದೇನೆಂದು ಕಾಗದದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೀಯಲ್ಲ, ಅದನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು. ಐಬುಪ್ರೊಫೇನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಆಸ್ಪಿರಿನ್ ಇವೆಲ್ಲ ಒಂದೇ ಕುಲ. ನೋವು ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವನ್ನು ತಡೆಯುವುದು ಇವುಗಳ ಕೆಲಸ. ಜಠರದಲ್ಲಿ ಲೋಳೆ ಊರಿಸುವುದೂ ಅದೇ ವಸ್ತು. ಬೇಲಿ ಕಾಯುವವನನ್ನೇ ಮನೆಗೆ ಕಳಿಸಿದಂತೆ. ಹಾನಿ ಆಗುವುದು ರಕ್ತದ ಮೂಲಕವೂ ಆದ್ದರಿಂದ ಊಟದ ಮೇಲೆ ತೆಗೆದುಕೊಂಡೆ, ಇಂಜೆಕ್ಷನ್ ಹಾಕಿಸಿಕೊಂಡೆ ಎಂದರೆ ಪಾರಾಗುವುದಿಲ್ಲ. ಎರಡು ಬೇರೆ ಬೇರೆ ಹೆಸರಿನ ನೋವಿನ ಮಾತ್ರೆಯಲ್ಲಿ ಇದೇ ಔಷಧಿ ಎರಡು ಸಲ ಹೋಗುವುದೂ ಉಂಟು, ನೆಗಡಿ ಮಾತ್ರೆಗಳಲ್ಲೂ ಸೇರಿರುತ್ತದೆ. ಮಾತ್ರೆಗಳ ಪಟ್ಟಿಯ (ಸ್ಟ್ರಿಪ್) ಹಿಂದೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಓದುವುದನ್ನು ರೂಢಿ ಮಾಡಿಕೋ. ಸ್ಟೀರಾಯ್ಡ್, ರಕ್ತ ತೆಳುವಾಗಿಸುವ ಮಾತ್ರೆ, ಕೆಲವು ಖಿನ್ನತೆಯ ಮಾತ್ರೆಗಳು ಇವುಗಳ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಇನ್ನೂ ಹೆಚ್ಚು. ಸದ್ಯಕ್ಕೆ ಐಬುಪ್ರೊಫೇನ್ ನಿಲ್ಲಿಸು. ಬೆನ್ನಿಗೆ ಪ್ಯಾರಾಸಿಟಮಾಲ್ ಆಗಬಹುದು, ಅದು ಈ ಕುಲದ್ದಲ್ಲ, ಪ್ರಮಾಣ ಮಾತ್ರ ಮೀರಬೇಡ. ಆದರೆ ಹೃದಯಕ್ಕೆಂದು ವೈದ್ಯರು ಬರೆದುಕೊಟ್ಟ ಸಣ್ಣ ಪ್ರಮಾಣದ ಆಸ್ಪಿರಿನ್ ಇದ್ದವರು ಅದನ್ನು ತಾವಾಗಿ ಬಿಡಬಾರದು. ಬಿಟ್ಟರೆ ಹುಣ್ಣಿಗಿಂತ ದೊಡ್ಡ ಅನಾಹುತ ಆಗಬಹುದು.

ಪರೀಕ್ಷೆಯ ಮಾತಿಗೆ ಬರುತ್ತೇನೆ. ಎಡವುವವರು ಹೆಚ್ಚಾಗಿ ಇಲ್ಲೇ ಎಡವುತ್ತಾರೆ. ಬ್ಯಾಕ್ಟೀರಿಯಾ ಹುಡುಕಲು ಉಸಿರಿನ ಪರೀಕ್ಷೆ, ಮಲದ ಪರೀಕ್ಷೆ ಎರಡೂ ಒಳ್ಳೆಯವು. ಉಸಿರಿನದಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಮೊದಲು ಒಂದು ಚೀಲಕ್ಕೆ ಊದಿಸುತ್ತಾರೆ, ಗುರುತಿನ ಇಂಗಾಲ ಸೇರಿಸಿದ ಯೂರಿಯಾ ಕುಡಿಸುತ್ತಾರೆ, ಅರ್ಧ ಗಂಟೆ ಕೂರಿಸಿ ಮತ್ತೆ ಊದಿಸುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದು ಯೂರಿಯಾವನ್ನು ಒಡೆಯುತ್ತದೆ, ಗುರುತಿನ ಇಂಗಾಲ ಉಸಿರಿನಲ್ಲಿ ಸಿಕ್ಕಿಬೀಳುತ್ತದೆ. ರಕ್ತಪರೀಕ್ಷೆ ಬೇಡ ಎನ್ನುತ್ತೇನೆ. ಹಿಂದೆಂದೋ ಬಂದುಹೋದ ಸೋಂಕಿಗೂ ಈಗಿರುವ ಸೋಂಕಿಗೂ ಅದರಲ್ಲಿ ವ್ಯತ್ಯಾಸ ತಿಳಿಯದು.

ಎಡವಟ್ಟು ಎಲ್ಲಿ ಎಂದರೆ, ಓಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಜಾತಿಯ ಆಸಿಡ್ ಮಾತ್ರೆ ತಿನ್ನುತ್ತಿರುವಾಗ ಪರೀಕ್ಷೆ ಮಾಡಿಸುವುದು. ಆ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಸಂಖ್ಯೆ ತಗ್ಗಿಸಿ ಅಡಗಿಸುತ್ತದೆ. ವರದಿ "ಇಲ್ಲ" ಎಂದು ಬರುತ್ತದೆ, ಇರುವುದು ಇದ್ದೇ ಇರುತ್ತದೆ. ಈ ಮಾತ್ರೆ ನಿಲ್ಲಿಸಿ ಕನಿಷ್ಠ 2 ವಾರ, ಆಂಟಿಬಯಾಟಿಕ್ ಅಥವಾ ಬಿಸ್ಮತ್ ಮುಗಿಸಿ 4 ವಾರ ಆಗಿರಬೇಕು. ಆ ಎರಡು ವಾರ ಉರಿ ಬಂದೇ ಬರುತ್ತದೆ. ಇರುವ ಆಮ್ಲವನ್ನು ಶಮನ ಮಾಡುವ, ಕುಡಿಯುವ ಆಂಟಾಸಿಡ್ ತೆಗೆದುಕೊಳ್ಳಬಹುದು. ರಕ್ತ ಹೋಗಿರುವವರು ಮಾತ್ರ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಕೂಡದು. ರಕ್ತ ಹೋಗುತ್ತಿರುವಾಗ ಮಾಡಿದ ಪರೀಕ್ಷೆಯೂ ಸುಳ್ಳು ಹೇಳುವುದುಂಟು, ಆಮೇಲೆ ಇನ್ನೊಮ್ಮೆ ಮಾಡಿಸಬೇಕು.

ಹುಣ್ಣು ಇದೆಯೇ, ಎಲ್ಲಿದೆ ಎನ್ನುವುದು ಗೊತ್ತಾಗುವುದು ಎಂಡೋಸ್ಕೋಪಿಯಲ್ಲಿ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ಒಳಗೆ ನೋಡುವುದರಲ್ಲಿ. ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ, ರಕ್ತಹೀನತೆ ಇದ್ದರೆ, ವಾಂತಿ ನಿಲ್ಲದಿದ್ದರೆ, ವಯಸ್ಸು 60ರ ಸುಮಾರಿಗೆ ಬಂದಿದ್ದರೆ ಮುಂದೂಡುವ ಮಾತೇ ಇಲ್ಲ. ಅದಕ್ಕೆ ಹೆದರಿದ್ದೀಯೆಂದು ನಿನ್ನ ಬರಹವೇ ಹೇಳುತ್ತದೆ. ನಡೆಯುವುದು ಇಷ್ಟು. ಹಿಂದಿನ ರಾತ್ರಿಯಿಂದ ಉಪವಾಸ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ, ಕಹಿ ಕಹಿ. ಬೇಕೆಂದರೆ ಮಂಪರಿನ ಇಂಜೆಕ್ಷನ್. ಎಡ ಮಗ್ಗುಲಿಗೆ ಮಲಗಿಸಿ ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆಯಂಥದ್ದು ಇಡುತ್ತಾರೆ. ಕಿರುಬೆರಳಿಗಿಂತ ತೆಳು ಕೊಳವೆ ಅದು. ಗಂಟಲು ದಾಟುವ ಕೆಲವು ಸೆಕೆಂಡು ಓಕರಿಕೆ ಬರುತ್ತದೆ. ಆಗ ಉಗುಳು ನುಂಗಲು ಹೋಗಬೇಡ, ಬಾಯಿಯ ಪಕ್ಕದಿಂದ ಸೋರಲಿ ಬಿಡು, ಮೂಗಿನಿಂದ ನಿಧಾನ ಉಸಿರಾಡು. ಕೊಳವೆ ಉಸಿರಿನ ದಾರಿಯಲ್ಲಿಲ್ಲ, ಉಸಿರು ಕಟ್ಟುವುದಿಲ್ಲ. ಒಳಗೆ ಗಾಳಿ ತುಂಬುವುದರಿಂದ ತೇಗು ಬರುತ್ತದೆ. ಐದರಿಂದ ಹದಿನೈದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಗಂಟಲಿನ ಮರಗಟ್ಟು ಬಿಡುವತನಕ ನೀರೂ ಬೇಡ, ನೆತ್ತಿಗೇರುತ್ತದೆ. ಮಂಪರು ಕೊಟ್ಟಿದ್ದರೆ 24 ಗಂಟೆ ಗಾಡಿ ಓಡಿಸಬಾರದು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗು.

ಜಠರದಲ್ಲಿ ಹುಣ್ಣು ಕಂಡರೆ ಅಂಚಿನಿಂದ ಚೂರುಗಳನ್ನು ತೆಗೆದು ಬಯಾಪ್ಸಿಗೆ (ಸೂಕ್ಷ್ಮದರ್ಶಕದ ಪರೀಕ್ಷೆಗೆ) ಕಳಿಸುತ್ತಾರೆ, ಕೆಲವು ಕ್ಯಾನ್ಸರ್‌ಗಳು ಹುಣ್ಣಿನಂತೆಯೇ ಕಾಣುತ್ತವೆ. ಆಸಿಡ್ ಮಾತ್ರೆಗೆ ಅಂಥ ಹುಣ್ಣೂ ಮೇಲ್ನೋಟಕ್ಕೆ ಮಾಗಿದಂತೆ ಕಾಣಬಹುದು. ಜಠರದ ಹುಣ್ಣಾದರೆ 8ರಿಂದ 12 ವಾರದಲ್ಲಿ ಮತ್ತೆ ಎಂಡೋಸ್ಕೋಪಿ ಮಾಡಿ ನೋಡುವುದು ಅದಕ್ಕೇ. ನೋವಿಲ್ಲವಲ್ಲ ಎಂದು ಆ ದಿನಾಂಕ ತಪ್ಪಿಸಬೇಡ. ಕರುಳಿನ ಹುಣ್ಣು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ, ಅದಕ್ಕೆ ಸಾಮಾನ್ಯವಾಗಿ ಎರಡನೇ ಎಂಡೋಸ್ಕೋಪಿ ಬೇಕಾಗುವುದಿಲ್ಲ.

ಬ್ಯಾಕ್ಟೀರಿಯಾ ಸಿಕ್ಕಿದರೆ ಚಿಕಿತ್ಸೆ ಸಾಮಾನ್ಯವಾಗಿ 14 ದಿನ. ಒಂದು ಬಗೆಯಲ್ಲಿ ನಾಲ್ಕು ಔಷಧಿ: ಆಸಿಡ್ ಮಾತ್ರೆ ದಿನಕ್ಕೆ ಎರಡು ಸಲ, ಬಿಸ್ಮತ್ ನಾಲ್ಕು ಸಲ, ಟೆಟ್ರಾಸೈಕ್ಲಿನ್ 500 ಮಿಲಿಗ್ರಾಂ ನಾಲ್ಕು ಸಲ, ಮೆಟ್ರೊನಿಡಜೋಲ್ ಮೂರು ಅಥವಾ ನಾಲ್ಕು ಸಲ. ಏನಿಲ್ಲವೆಂದರೂ ದಿನಕ್ಕೆ 13-14 ಮಾತ್ರೆ. ಇನ್ನೊಂದರಲ್ಲಿ ಆಸಿಡ್ ಮಾತ್ರೆಯ ಜೊತೆ ಅಮಾಕ್ಸಿಸಿಲಿನ್ 1 ಗ್ರಾಂ, ಕ್ಲಾರಿತ್ರೊಮೈಸಿನ್ 500 ಮಿಲಿಗ್ರಾಂ, ದಿನಕ್ಕೆ ಎರಡೆರಡು ಸಲ. ಕ್ಲಾರಿತ್ರೊಮೈಸಿನ್‌ಗೆ ಬ್ಯಾಕ್ಟೀರಿಯಾ ಬಹಳ ಕಡೆ ಜಗ್ಗದಂತಾಗಿದೆ. ಕೆಮ್ಮು ಗಂಟಲುನೋವಿಗೆ ನೀನು ಹಿಂದೆ ಅದನ್ನೋ ಅಜಿತ್ರೊಮೈಸಿನ್ನನ್ನೋ ತೆಗೆದುಕೊಂಡಿದ್ದರೆ ವೈದ್ಯರಿಗೆ ತಪ್ಪದೆ ಹೇಳು, ಅವರು ಬೇರೆ ಜೋಡಿ ಆರಿಸುತ್ತಾರೆ. ಪೆನಿಸಿಲಿನ್ ಅಥವಾ ಆಸ್ಪಿರಿನ್ ಅಲರ್ಜಿ ಇದ್ದರೂ ಹೇಳಬೇಕು.

ಆಸಿಡ್ ಮಾತ್ರೆಯನ್ನು ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನುಂಗು. ಆಮ್ಲ ಸುರಿಸುವ ಪಂಪುಗಳು ಚುರುಕಾಗುವುದು ಆಹಾರ ಬಿದ್ದಾಗ, ಔಷಧಿ ಹಿಡಿಯುವುದು ಚುರುಕಾದ ಪಂಪನ್ನೇ. ಆ ಹೊತ್ತಿಗೆ ಅದು ರಕ್ತದಲ್ಲಿ ಸಿದ್ಧವಾಗಿರಬೇಕು. ನೋವು ಬಂದಾಗ ಒಂದು ಎಂದು ನುಂಗುವ ನಿನ್ನ ಪದ್ಧತಿಯಿಂದ ಅರ್ಧ ಪ್ರಯೋಜನವೂ ಆಗಿಲ್ಲ. ಅಗಿಯಬೇಡ, ಪುಡಿ ಮಾಡಬೇಡ, ಮೇಲಿನ ಲೇಪ ಹೋದರೆ ಆಮ್ಲವೇ ಔಷಧಿಯನ್ನು ತಿಂದುಹಾಕುತ್ತದೆ. ಟೆಟ್ರಾಸೈಕ್ಲಿನ್ನನ್ನು ಒಂದು ಲೋಟ ತುಂಬ ನೀರಿನೊಂದಿಗೆ, ಕೂತುಕೊಂಡೇ ನುಂಗು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೊಂದು ಹೊಸ ಹುಣ್ಣು. ಹಾಲು, ಕ್ಯಾಲ್ಸಿಯಂ, ಕಬ್ಬಿಣ, ಆಂಟಾಸಿಡ್ ಅದರ ಹತ್ತಿರ ಬರಬಾರದು, ಎರಡು ಗಂಟೆ ಅಂತರವಿರಲಿ. ಮೆಟ್ರೊನಿಡಜೋಲ್ ಇರುವಷ್ಟು ದಿನ, ಮುಗಿದ ಮೇಲೂ ಮೂರು ದಿನ, ಮದ್ಯ ಮುಟ್ಟಬೇಡ.

ಬಾಯಲ್ಲಿ ತಾಮ್ರ ಇಟ್ಟುಕೊಂಡಂಥ ರುಚಿ, ಕಪ್ಪು ನಾಲಿಗೆ, ವಾಕರಿಕೆ, ಸ್ವಲ್ಪ ಭೇದಿ ಇವೆಲ್ಲ ಬರುವವೇ, ಔಷಧಿ ಮುಗಿದ ಮೇಲೆ ಹೋಗುತ್ತವೆ. ಐದನೇ ದಿನ ನೋವು ಪೂರ್ತಿ ಹೋಗಿ, ಬಾಯಿರುಚಿ ಕೆಟ್ಟಾಗ "ಇನ್ನೇಕೆ" ಅನಿಸುತ್ತದೆ. ಅಲ್ಲೇ ಬಿಟ್ಟರೆ ಸಾಯದೆ ಉಳಿದವು ಆ ಔಷಧಿಗೆ ಪಳಗಿದವು, ಮುಂದಿನ ಸಲ ಅದು ನಾಟದು. ಮೈಮೇಲೆ ದದ್ದು, ಮುಖ ಊತ, ವಿಪರೀತ ಭೇದಿ ಬಂದರೆ ಮಾತ್ರ ತಕ್ಷಣ ವೈದ್ಯರಿಗೆ ತಿಳಿಸು.

ಆಂಟಿಬಯಾಟಿಕ್ ಮುಗಿದ ಮೇಲೂ ಗಾಯ ಮಾಗಲು ಆಸಿಡ್ ಮಾತ್ರೆ ಮುಂದುವರಿಸಬೇಕಾಗಬಹುದು. ಕರುಳಿನದಕ್ಕೆ 4ರಿಂದ 8 ವಾರ, ಜಠರದ್ದಕ್ಕೆ 8ರಿಂದ 12. ತಿಂಗಳುಗಟ್ಟಲೆ ತಿಂದು ಒಮ್ಮೆಲೇ ನಿಲ್ಲಿಸಿದರೆ ಕೆಲವು ದಿನ ಆಮ್ಲ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ. ಹುಣ್ಣು ಮರಳಿತು ಎಂದು ಗಾಬರಿಯಾಗಿ ಮತ್ತೆ ಶುರುಮಾಡುವವರು ವರ್ಷಗಟ್ಟಲೆ ಬಿಡಲಾರದೆ ಉಳಿಯುತ್ತಾರೆ.

ಊಟದ ಪಥ್ಯ ಕೇಳಿದ್ದೀಯ. ಸಪ್ಪೆ ತಿಂದರೆ ಹುಣ್ಣು ಬೇಗ ಮಾಗುವುದಿಲ್ಲ. ಯಾವುದು ತಿಂದರೆ ಉರಿಯುತ್ತದೋ ಅದನ್ನು ಸದ್ಯ ಬಿಡು, ಅಷ್ಟೆ. ಹಾಲು ಕುಡಿದಾಗ ತಂಪೆನಿಸುತ್ತದೆ, ಸ್ವಲ್ಪ ಹೊತ್ತಿಗೆ ಅದೇ ಆಮ್ಲವನ್ನು ಹೆಚ್ಚಿಸುತ್ತದೆ. ಸಿಗರೇಟು ಬಿಡು. ಮಾಗುವುದನ್ನು ನಿಜವಾಗಿ ತಡೆಯುವುದು ಅದು, ಮರಳಿ ಬರಿಸುವುದೂ ಅದೇ.

ಕೊನೆಯದು, ಬಹಳ ಮಂದಿ ಮಾಡದೇ ಬಿಡುವುದು: ಬ್ಯಾಕ್ಟೀರಿಯಾ ಸತ್ತಿದೆಯೇ ಎಂದು ಮತ್ತೆ ಪರೀಕ್ಷೆ. ಆಂಟಿಬಯಾಟಿಕ್ ಮುಗಿದು ಕನಿಷ್ಠ 4 ವಾರವಾದ ಮೇಲೆ, ಆಸಿಡ್ ಮಾತ್ರೆ ನಿಲ್ಲಿಸಿ 2 ವಾರವಾದ ಮೇಲೆ, ಉಸಿರಿನದೋ ಮಲದ್ದೋ. ಔಷಧಿ ಶುರುಮಾಡಿದ ದಿನವೇ ಆ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕು. "ಇದೆ" ಎಂದು ಬಂದರೆ ಎರಡನೇ ಸಲ ಬೇರೆ ಔಷಧಿಗಳ ಜೋಡಿ ಕೊಡುತ್ತಾರೆ, ಮೊದಲನೆಯದನ್ನೇ ಮತ್ತೆ ತಿನ್ನುವುದಲ್ಲ.

ಸೋಮವಾರ ವೈದ್ಯರಲ್ಲಿಗೆ ಹೋಗುವಾಗ ಈ ಮೂರು ತಿಂಗಳಲ್ಲಿ ನುಂಗಿದ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗು. ಆಸಿಡ್ ಮಾತ್ರೆ ಕೊನೆಗೆ ತೆಗೆದುಕೊಂಡ ದಿನ ಯಾವುದೆಂದು ಚೀಟಿಯಲ್ಲಿ ಬರೆದಿಟ್ಟುಕೋ, ಅವರು ಮೊದಲು ಕೇಳುವುದು ಅದನ್ನೇ. ವರದಿ ಬಂದ ಮೇಲೆ ಬರೆ.

ಇಂತು,
ನಿನ್ನ ದೊಡ್ಡಮ್ಮ