ಮುಂದಿನ ಬೆಂಚು ಒಂದೇ ಸಾಲದು, ಪುಟ್ಟಿ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದ. ನೀನು ಕಳಿಸಿದ ನಿನ್ನ ಮಗಳ ರಿಪೋರ್ಟ್ ಎರಡು ಸಲ ಓದಿದೆ. ಓದು-ಬರಹ ಕಷ್ಟವಾಗುವ ಅವಳ ತೊಂದರೆಗೆ ಡಿಸ್ಲೆಕ್ಸಿಯಾ ಅಂತ ಹೆಸರು ಗೊತ್ತಾದ ಮೇಲೆ ಅರ್ಧ ಸಮಾಧಾನ, ಅರ್ಧ ದಿಗಿಲು ಅಂತ ಬರೆದಿದ್ದೀಯ. ನನಗೂ ಹಾಗೇ ಆಗಿತ್ತು. ಮುಂದಿನ ವಾರ ಶಾಲೆಯವರು ಮೀಟಿಂಗಿಗೆ ಕರೆದಿದ್ದಾರಲ್ಲ, ಅದಕ್ಕೆ ಮುಂಚೆ ನಿನಗೆ ಕೆಲವು ಮಾತು ಹೇಳಲೇಬೇಕು.

ನನ್ನ ಮಗ, ನಿನ್ನ ಅಣ್ಣ, ಎರಡನೇ ಕ್ಲಾಸಿನಲ್ಲಿದ್ದಾಗ ಅವನ ಬಲಗಿವಿ ಕೇಳಿಸುವುದಿಲ್ಲ ಅಂತ ಗೊತ್ತಾಯಿತು. ಶಾಲೆಗೆ ಹೋಗಿ ಹೇಳಿದೆ. "ಚಿಂತೆ ಮಾಡಬೇಡಿ, ಮುಂದಿನ ಬೆಂಚಿನಲ್ಲಿ ಕೂರಿಸುತ್ತೇವೆ" ಅಂದರು. ನೆಮ್ಮದಿಯಿಂದ ಮನೆಗೆ ಬಂದೆ. ಆರು ತಿಂಗಳಾದರೂ ಮಾರ್ಕ್ಸ್ ಇಳಿಯುತ್ತಲೇ ಇತ್ತು. ಒಂದು ದಿನ ಕ್ಲಾಸಿನ ಬಾಗಿಲಲ್ಲಿ ನಿಂತು ನೋಡಿದೆ. ಮುಂದಿನ ಬೆಂಚಿನಲ್ಲೇ ಇದ್ದ. ಆದರೆ ಎಡಗಡೆ ಗೋಡೆಗೆ ಅಂಟಿಕೊಂಡು ಕೂತಿದ್ದ. ಕೇಳಿಸುವ ಎಡಗಿವಿ ಗೋಡೆಯ ಕಡೆ, ಕೇಳಿಸದ ಬಲಗಿವಿ ಇಡೀ ಕ್ಲಾಸಿನ ಕಡೆ! ಟೀಚರ್ ಬೋರ್ಡಿನತ್ತ ಮುಖ ಮಾಡಿ ಬರೆಯುತ್ತಾ ಪಾಠ ಹೇಳುತ್ತಿದ್ದರು. ಇವನು ಪಕ್ಕದ ಹುಡುಗನ ಪುಸ್ತಕ ಇಣುಕಿ ನೋಡಿ ಬರೆದುಕೊಳ್ಳುತ್ತಿದ್ದ.

ಅಲ್ಲಿ ಯಾರೂ ಕೆಟ್ಟವರಿರಲಿಲ್ಲ, ಪುಟ್ಟಿ. ಕೊಟ್ಟ ಮಾತಿನಂತೆ ನಡೆದುಕೊಂಡಿದ್ದರು. ಆ ಮಾತೇ ಅರೆಬರೆ ಇತ್ತು. "ಕಿವಿ ಕೇಳಿಸದ ಮಗು, ಮುಂದಿನ ಬೆಂಚು" ಅಂತ ತೊಂದರೆಯ ಹೆಸರಿಗೆ ಒಂದು ಏರ್ಪಾಡು ಮಾಡಿದ್ದರು. ನಮ್ಮ ಹುಡುಗನಿಗೆ ಬೇಕಿದ್ದದ್ದು ಬಲಗಡೆ ಗೋಡೆಯ ಪಕ್ಕದ ಜಾಗ, ಮತ್ತೆ ಮಾತಾಡುವಾಗ ಇತ್ತ ತಿರುಗುವ ಟೀಚರ್. ಅಷ್ಟನ್ನು ಕಾಗದದಲ್ಲಿ ಬರೆಸಿದ ಮೇಲೆ ಅವನ ಪಾಡು ಸುಧಾರಿಸಿತು.

ನಿನ್ನ ಮಗಳ ವಿಷಯಕ್ಕೆ ಬರುತ್ತೇನೆ. ಮೀಟಿಂಗಿನಲ್ಲಿ "ವಿಶೇಷ ಗಮನ ಕೊಡುತ್ತೇವೆ" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾರೆ. ನೀನು ಮೆತ್ತಗೆ ಕೇಳು: ಯಾರು ಕೊಡುತ್ತಾರೆ, ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು, ಯಾವ ಪೀರಿಯಡ್ಡಿನಲ್ಲಿ? ಆಟದ ಪೀರಿಯಡ್ ಕಿತ್ತುಕೊಂಡು ಕೊಡುವುದಾದರೆ ಬೇಡ ಅನ್ನು. ದಿನವಿಡೀ ಅಕ್ಷರದ ಜೊತೆ ಗುದ್ದಾಡುವ ಮಗುವಿಗೆ ಆ ಆಟವೇ ಉಸಿರು.

ಜಾಸ್ತಿ ಜನ ಎಡವುವುದು ಎಲ್ಲಿ ಗೊತ್ತಾ? ಪರೀಕ್ಷೆಗೆ ಹೆಚ್ಚಿನ ಸಮಯ ಸಿಕ್ಕಿತು, ಸ್ಪೆಲ್ಲಿಂಗ್ ತಪ್ಪಿಗೆ ಮಾರ್ಕ್ಸ್ ಕಳೆಯುವುದಿಲ್ಲ ಅಂದರು, ಅಲ್ಲಿಗೆ ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಇವೆಲ್ಲ ಬೇಕು. ಬೋರ್ಡಿನಿಂದ ಕಾಪಿ ಮಾಡಿಸುವ ಬದಲು ಪ್ರಿಂಟ್ ಕೊಡುವುದು, ಪ್ರಶ್ನೆಯನ್ನು ಓದಿ ಹೇಳುವುದು, ತಯಾರಿ ಇಲ್ಲದೆ ಎಲ್ಲರೆದುರು ಎಬ್ಬಿಸಿ ಓದಿಸದೇ ಇರುವುದು, ಇವನ್ನೂ ಬರೆಸು. ಆದರೆ ಹೆಚ್ಚಿನ ಸಮಯದಿಂದ ಪೇಪರ್ ಮುಗಿಯುತ್ತದೆ, ಓದು ಬರುವುದಿಲ್ಲ. ಓದು ಬರಬೇಕಾದರೆ ಅಕ್ಷರ ಮತ್ತು ಉಚ್ಚಾರದ ಸಂಬಂಧವನ್ನು ಹಂತಹಂತವಾಗಿ, ಬಿಡದೆ ಕಲಿಸುವ, ಅದರಲ್ಲಿ ತರಬೇತಿ ಪಡೆದ ಟೀಚರ್ ಬೇಕು. ಸೌಲಭ್ಯ ಬೇರೆ, ಕಲಿಸುವುದು ಬೇರೆ. ಶಾಲೆಯವರು ಅವಳಿಗಾಗಿ ಬರೆಯುವ ಪ್ಲಾನಿನಲ್ಲಿ ಎರಡೂ ಇವೆಯೇ ಅಂತ ನೋಡು.

ಪಾಠವನ್ನೇ ಕಡಿಮೆ ಮಾಡೋಣ ಅಂದರೆ ತಕ್ಷಣ ಹೂಂ ಅನ್ನಬೇಡ. ಕಲಿಯುವ ದಾರಿ ಬದಲಿಸುವುದಕ್ಕೂ ಕಲಿಯುವ ವಿಷಯವನ್ನೇ ಇಳಿಸುವುದಕ್ಕೂ ತುಂಬ ವ್ಯತ್ಯಾಸ ಇದೆ. ಕಥೆ ಓದಿ ಹೇಳಿದರೆ ಅವಳು ಪಟಪಟ ಅಂತ ಅದರ ಒಳಗುಟ್ಟು ಹೇಳುತ್ತಾಳೆ ಅಂತ ನೀನೇ ಬರೆದಿದ್ದೀಯ. ಅಂಥವಳಿಗೆ ಸಣ್ಣ ಕಥೆ ಯಾಕೆ? ದೊಡ್ಡ ಕಥೆಯನ್ನೇ ಕೇಳಿಸಲಿ.

ಗುರಿ ಬರೆಯುವಾಗಲೂ ಹಾಗೇ. "ಓದು ಸುಧಾರಿಸಬೇಕು" ಅಂದರೆ ಏನೂ ಹೇಳಿದಂತಾಗಲಿಲ್ಲ. ಈಗ ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದುತ್ತಾಳೆ, ವರ್ಷದ ಕೊನೆಗೆ ಎಷ್ಟು ಆಗಬೇಕು, ಯಾರು ಯಾವಾಗ ಅಳೆಯುತ್ತಾರೆ, ನಿನಗೆ ಹೇಗೆ ತಿಳಿಸುತ್ತಾರೆ, ಇಷ್ಟೂ ಇರಲಿ. ಅಮೆರಿಕದಲ್ಲಿ ಆಟಿಸಂ ಇದ್ದ ಒಬ್ಬ ಹುಡುಗನ ಪ್ಲಾನಿನಲ್ಲಿ ವರ್ಷ ವರ್ಷವೂ ಹೆಚ್ಚುಕಡಿಮೆ ಅವೇ ಗುರಿಗಳು ಬರುತ್ತಿದ್ದವು. ಅವನ ತಂದೆತಾಯಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಆ ಮಗುವಿನ ಪರಿಸ್ಥಿತಿಗೆ ತಕ್ಕ ಪ್ರಗತಿ ಆಗುವಂತೆ ಪ್ಲಾನ್ ಇರಬೇಕು, ಹೆಸರಿಗೆ ಒಂದಿಷ್ಟು ಮುಂದೆ ಹೋದರೆ ಸಾಲದು ಅಂತ 2017ರಲ್ಲಿ ತೀರ್ಪು ಬಂತು. ಅದು ಆ ದೇಶದ ಕಾನೂನು, ನಿಜ. ಆದರೆ ಹಳೇ ಪ್ಲಾನಿಗೆ ಹೊಸ ತಾರೀಖು ಹಾಕಿ ಕೊಡುವುದು ಎಲ್ಲ ಕಡೆ ಇರುವ ಕಥೆ.

ಕೇಳುವುದಕ್ಕೆ ಸಂಕೋಚ ಅಂತ ಬರೆದಿದ್ದೀಯ. ಉಪಕಾರ ಬೇಡುತ್ತಿದ್ದೇನೆ ಅನ್ನಿಸುತ್ತದೆ, ಅಲ್ವಾ? ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಪ್ಪಂದ ಮಾಡಿತು. ಅದರ 24ನೇ ವಿಧಿಯಲ್ಲಿ, ಶಿಕ್ಷಣದಲ್ಲಿ ಪ್ರತಿಯೊಬ್ಬರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು, ಅವರವರಿಗೆ ಹೊಂದುವ ನೆರವು ಕೊಡಬೇಕು ಅಂತಿದೆ. ಹಾಗಾಗಿ ತಲೆ ತಗ್ಗಿಸಬೇಡ. ಜಗಳಕ್ಕೂ ಹೋಗಬೇಡ. ಮೀಟಿಂಗ್ ಮುಗಿದ ಮೇಲೂ ಅವಳ ಜೊತೆ ದಿನಾ ಇರುವವರು ಆ ಟೀಚರೇ.

ಒಬ್ಬಳೇ ಹೋಗಬೇಡ. ನೀನು ಮಾತಾಡುವಾಗ ಬರೆದುಕೊಳ್ಳಲು ಇನ್ನೊಬ್ಬರು ಇರಲಿ. ಅಲ್ಲೇ ಸಹಿ ಹಾಕು ಅಂದರೆ, "ಮನೆಗೆ ತಗೊಂಡು ಹೋಗಿ ಓದಿ ಕೊಡುತ್ತೇನೆ" ಅನ್ನು. ಅದೇ ದಿನ ಸಂಜೆ, ಏನೇನು ಒಪ್ಪಿಕೊಂಡೆವು ಅಂತ ನಾಲ್ಕು ಸಾಲು ಬರೆದು ಅವರಿಗೆ ಈಮೇಲ್ ಮಾಡು. ಮುಂದಿನ ವರ್ಷ ಟೀಚರ್ ಬದಲಾದಾಗ ಆ ನಾಲ್ಕು ಸಾಲೇ ಕೈ ಹಿಡಿಯುತ್ತದೆ.

ಇನ್ನೊಂದು. ರಿಪೋರ್ಟಿನ ಹನ್ನೆರಡು ಪುಟದಲ್ಲಿ ಮಗುವಿನದೇ ಮಾತು ಒಂದೂ ಇಲ್ಲ. ನಿನ್ನ ಅಣ್ಣನನ್ನು ನಾನು ಮೊದಲೇ ಕೇಳಿದ್ದರೆ ಗೋಡೆಯ ವಿಷಯ ಅವನೇ ಹೇಳುತ್ತಿದ್ದ. ಆರು ತಿಂಗಳು ಕೇಳಲೇ ಇಲ್ಲವಲ್ಲ ಅಂತ ಇವತ್ತಿಗೂ ನನಗೆ ಸಂಕಟ. ಇವತ್ತು ರಾತ್ರಿ ಮಲಗುವಾಗ ಅವಳ ಪಕ್ಕ ಕೂತು, ಶಾಲೆಯಲ್ಲಿ ಯಾವ ಹೊತ್ತು ಕಷ್ಟ ಅಂತ ಕೇಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದು ನನಗೂ ಕಳಿಸು. ಮೀಟಿಂಗಿನಲ್ಲಿ ಏನು ಕೇಳಬೇಕು ಅಂತ ಇಬ್ಬರೂ ಕೂತು ಪಟ್ಟಿ ಮಾಡೋಣ.

ನಿನ್ನ ದೊಡ್ಡಮ್ಮ