ಮಸ್ಕಿ–ಹಟ್ಟಿ ಪ್ರವಾಸ: 9ನೇ ತರಗತಿ ಮಕ್ಕಳ ಪೋಷಕರಿಗೆ ಪತ್ರ

ಪೋಷಕರಿಗೆಲ್ಲ ನಮಸ್ಕಾರ.

ಮುಂದಿನ ಶನಿವಾರ 9ನೇ ತರಗತಿ ಮಕ್ಕಳನ್ನು ಮಸ್ಕಿಗೆ, ಅಲ್ಲಿಂದ ಚಿನ್ನದ ಗಣಿ ಇರುವ ಹಟ್ಟಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಒಪ್ಪಿಗೆ ಚೀಟಿ ಈ ಪತ್ರದ ಜೊತೆಗಿದೆ. "ಸರ್, ಪ್ರವಾಸ ಅಂದ್ರೆ ಹಂಪಿ, ತುಂಗಭದ್ರಾ ಡ್ಯಾಂ ತೋರಿಸಬೇಕು, ಗಣಿ ಊರಿಗೆ ಯಾಕೆ?" ಎಂದು ಪೋಷಕರ ಸಭೆಯಲ್ಲಿ ಕೆಲವರು ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ. ಸಭೆಯಲ್ಲಿ ಮಾತಿಗೆ ಹೊತ್ತು ಸಾಲಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಚಿನ್ನ ಎಲ್ಲಿ ಸಿಗುತ್ತದೆ ಎಂದು ತರಗತಿಯಲ್ಲಿ ಕೇಳಿದರೆ ಎಲ್ಲ ಮಕ್ಕಳೂ ಒಂದೇ ದನಿಯಲ್ಲಿ ಕೋಲಾರ ಅನ್ನುತ್ತಾರೆ. ಕೋಲಾರದ ಗಣಿ 2001ರಲ್ಲೇ ಮುಚ್ಚಿತು. ಈಗ ನಮ್ಮ ದೇಶದ ಗಣಿಗಳಿಂದ ಬರುವ ಚಿನ್ನದಲ್ಲಿ ಹೆಚ್ಚಿನ ಪಾಲು ಲಿಂಗಸುಗೂರು ತಾಲೂಕಿನ ಹಟ್ಟಿಯಿಂದಲೇ ಬರುತ್ತದೆ. ನಮ್ಮ ಜಿಲ್ಲೆಯ ಮಕ್ಕಳಿಗೇ ಇದು ಗೊತ್ತಿಲ್ಲ ಅಂದ್ರೆ ಹೇಗೆ ಅಲ್ವಾ?

ಹಟ್ಟಿಯ ಗಣಿ ಇಂಗ್ಲಿಷರು ಶುರು ಮಾಡಿದ್ದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅವರು ಬಂದಾಗಲೇ ಅಲ್ಲಿ ಹಳೆಯ ಗುಂಡಿಗಳಿದ್ದವು. ಅವುಗಳಲ್ಲಿ ಕೆಲವು 600 ಅಡಿಗಿಂತ ಆಳ. ಒಳಗೆ ಸಿಕ್ಕ ಹಳೆ ಮರದ ತುಂಡುಗಳನ್ನು ಪರೀಕ್ಷೆ ಮಾಡಿದಾಗ ಸುಮಾರು 2,000 ವರ್ಷ ಹಳೆಯವು ಎಂದು ಗೊತ್ತಾಯಿತು. ಸಿಡಿಮದ್ದಿಲ್ಲ, ಮೋಟಾರಿಲ್ಲ, ಕರೆಂಟಿಲ್ಲ. ಅಷ್ಟು ಆಳಕ್ಕೆ ಹೇಗೆ ಇಳಿದರು? ಬಂಡೆಗೆ ಒತ್ತಿ ಕಟ್ಟಿಗೆ ಪೇರಿಸಿ ಬೆಂಕಿ ಹಾಕುತ್ತಿದ್ದರು. ಕಲ್ಲು ಕೆಂಪಗೆ ಕಾದ ಮೇಲೆ ನೀರು ಎರಚಿದರೆ ಬಿರುಕು ಬಿಡುತ್ತದೆ. ಆ ಬಿರುಕಿಗೆ ಉಳಿ, ಸುತ್ತಿಗೆ ಕೊಟ್ಟು ಒಡೆಯುವುದು. ಹಳೆ ಗುಂಡಿಗಳಲ್ಲಿ ಇದ್ದಿಲು, ಬೂದಿ ಸಿಕ್ಕಿರುವುದು ಇದಕ್ಕೇ. ಆ ಹೊಗೆಯಲ್ಲಿ, ಬೇಗೆಯಲ್ಲಿ, ಕತ್ತಲಲ್ಲಿ ಕೂತು ಕಲ್ಲು ಒಡೆದವರನ್ನು ನೆನೆದರೆ ನನಗೆ ಈಗಲೂ ಉಸಿರು ಕಟ್ಟಿದಂತಾಗುತ್ತದೆ.

ಒಡೆದ ಕಲ್ಲನ್ನು ಮೇಲೆ ತಂದು ಬಂಡೆಯ ಮೇಲೆಯೇ ಕುಟ್ಟಿ ಪುಡಿ ಮಾಡುತ್ತಿದ್ದರು. ಹಟ್ಟಿಯ ಸುತ್ತಮುತ್ತ ಅಂಥ ಬಂಡೆಗಳು ಕಾಣುತ್ತವೆ. ಮೈಮೇಲೆ ಒರಳಿನಂಥ ಗುಳಿಗಳು, ಒಳಗಡೆ ಕೈ ಆಡಿಸಿದರೆ ನುಣುಪು. ಎಷ್ಟು ಜನ, ಎಷ್ಟು ವರ್ಷ ಅಲ್ಲಿ ಕೂತು ಕುಟ್ಟಿದರೋ! ಆಮೇಲೆ ಪುಡಿಯನ್ನು ನೀರಿನಲ್ಲಿ ತೊಳೆದು, ಭಾರವಾದ ಚಿನ್ನ ತಳದಲ್ಲಿ ಉಳಿಯುವಂತೆ ಮಾಡುವುದು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮರದ ಮರಿಗೆಯಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದದ್ದೂ ಇದೇ ರೀತಿ. ನಮ್ಮ ಕಡೆ ಪತ್ತಾರರ ಅಂಗಡಿ ಮುಂದಿನ ಚರಂಡಿ ಮಣ್ಣು ತೊಳೆಯುವವರನ್ನು ನಿಮ್ಮಲ್ಲಿ ಹಿರಿಯರು ನೋಡಿರಬಹುದು. ನೋಡಿದ್ದರೆ ಮಕ್ಕಳಿಗೆ ಹೇಳಿ. ಅದು ಯಾವ ಪುಸ್ತಕದಲ್ಲೂ ಅಷ್ಟು ಚೆನ್ನಾಗಿ ಬರುವುದಿಲ್ಲ.

ಮಸ್ಕಿಗೆ ಯಾಕೆ ಹೋಗುತ್ತೇವೆ ಅಂದ್ರೆ, ಅಶೋಕನ ಶಾಸನಕ್ಕೆ. ಇದು ಎಲ್ಲರಿಗೂ ಗೊತ್ತು. ಅದು ಸಿಕ್ಕಿದ್ದು ಹೇಗೆ ಎಂಬುದು ಮಾತ್ರ ಕೆಲವರಿಗಷ್ಟೇ ಗೊತ್ತು. 1915ರ ಜನವರಿಯಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ನಿಜಾಮರ ರಾಜ್ಯದ ಈ ಭಾಗದಲ್ಲಿ ಚಿನ್ನ ಹುಡುಕಿಕೊಂಡು ಅಲೆಯುತ್ತಿದ್ದ. ಚಿನ್ನದ ಬದಲು ಬಂಡೆಯ ಮೇಲೆ ಬರಹ ಕಂಡಿತು. ಅಲ್ಲಿಯ ತನಕ ಬೇರೆ ಕಡೆ ಸಿಕ್ಕ ಶಾಸನಗಳಲ್ಲಿ "ದೇವಾನಾಂಪ್ರಿಯ", "ಪ್ರಿಯದರ್ಶಿ" ಎಂಬ ಬಿರುದುಗಳಷ್ಟೇ ಇದ್ದವು. ರಾಜನ ಹೆಸರು ಇರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರು ಸ್ಪಷ್ಟವಾಗಿ ಇತ್ತು. ದೊಡ್ಡ ಸ್ಥಾನದವರು ಮಾತ್ರವಲ್ಲ, ಸಾಮಾನ್ಯರೂ ಧರ್ಮದಲ್ಲಿ ನಡೆದರೆ ಮೇಲೇರಬಹುದು ಎಂದು ಅದರಲ್ಲಿ ಹೇಳಿದೆ.

ಶಾಸನದಲ್ಲಿ ಚಿನ್ನದ ಮಾತೇ ಇಲ್ಲ. ಆದರೆ ನಕಾಶೆ ಹರಡಿಕೊಂಡು ಅಶೋಕನ ಶಾಸನ ಸಿಕ್ಕ ಜಾಗಗಳನ್ನು ಗುರುತಿಸುತ್ತ ಕೂತರೆ ಮಕ್ಕಳಿಗೇ ಒಂದು ವಿಷಯ ಹೊಳೆಯುತ್ತದೆ. ಮಸ್ಕಿ ನಮ್ಮದು. ಕೊಪ್ಪಳದಲ್ಲಿ ಗವಿಮಠ ಮತ್ತು ಪಾಲ್ಕಿಗುಂಡು. ಬಳ್ಳಾರಿ ಜಿಲ್ಲೆಯಲ್ಲಿ ನಿಟ್ಟೂರು ಮತ್ತು ಉಡೇಗೋಳ. ಪಾಟಲಿಪುತ್ರದ ರಾಜ ಇಷ್ಟು ದೂರದ ಈ ಸೀಮೆಯಲ್ಲಿ ಇಷ್ಟೊಂದು ಕಡೆ ಯಾಕೆ ಬರೆಸಿದ? ಇಲ್ಲಿನ ಚಿನ್ನವೇ ಕಾರಣ ಇರಬೇಕು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಮೌರ್ಯರ ದಕ್ಷಿಣದ ಆಡಳಿತ ನಡೆದದ್ದು ಸುವರ್ಣಗಿರಿಯಿಂದ ಎಂದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಿಂದ ತಿಳಿಯುತ್ತದೆ. ಅದು ಮಸ್ಕಿ ಎಂದು ಕೆಲವರು, ಕನಕಗಿರಿ ಎಂದು ಇನ್ನು ಕೆಲವರು, ಆಂಧ್ರದ ಜೊನ್ನಗಿರಿ ಎಂದು ಬಹಳ ಜನ. ಮಕ್ಕಳು ಈ ಜಗಳದಲ್ಲಿ ಪಕ್ಷ ವಹಿಸಿ ವಾದ ಮಾಡಲಿ, ನನ್ನ ಅಭ್ಯಂತರವಿಲ್ಲ.

ಈಗ ಇಂಗ್ಲಿಷರ ಕಾಲದ ಚಿನ್ನದ ಹುಚ್ಚಿನ ಕಥೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದ್ರೆ ಇದು ಬರೀ ಹಳೇ ಕಥೆಯಲ್ಲ. 1880ರ ಸುಮಾರಿಗೆ ವಯನಾಡಿನಲ್ಲಿ ಚಿನ್ನ ಇದೆ ಎಂಬ ಸುದ್ದಿಗೆ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿಕೊಂಡವು. ಜನ ಮುಗಿಬಿದ್ದು ಷೇರು ಕೊಂಡರು. ಸ್ವಲ್ಪೇ ವರ್ಷದಲ್ಲಿ ಹೆಚ್ಚಿನವು ಮುಳುಗಿದವು. ಆಮೇಲೆ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿಗೆ ನಿಜವಾಗಿಯೂ ಚಿನ್ನ ಸಿಕ್ಕಿತು. ಮತ್ತೆ ಆಸೆ ಚಿಗುರಿತು. ಆಗ ರಾಯಚೂರು ದೋಅಬ್, ಅಂದರೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನಮ್ಮ ಈ ಸೀಮೆ, ನಿಜಾಮರ ಕೈಯಲ್ಲಿತ್ತು. 1886ರಲ್ಲಿ ರಾಜ್ಯದ ಖನಿಜಗಳನ್ನು ತೆಗೆಯುವ 99 ವರ್ಷದ ಹಕ್ಕನ್ನು ಕೆಲವರಿಗೆ ಬರೆದುಕೊಟ್ಟರು. ಅದರ ಮೇಲೆ ಲಂಡನ್ನಿನಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ನಿಂತಿತು. ಬಂಡವಾಳ 10 ಲಕ್ಷ ಪೌಂಡ್. ತಲಾ 10 ಪೌಂಡಿನ 1 ಲಕ್ಷ ಷೇರು. ಅದರಲ್ಲಿ 85,000 ಷೇರು ಹಕ್ಕು ಪಡೆದವರಿಗೇ ಹೋದವು, ಕೈಯಿಂದ ಒಂದು ಪೌಂಡೂ ಹಾಕದೆ! ದುಡ್ಡು ಕೊಟ್ಟು ಕೊಂಡದ್ದು 15,000 ಷೇರು ಮಾತ್ರ. ಇನ್ನೂ ವಿಚಿತ್ರ ಅಂದ್ರೆ, ನಿಜಾಮ ಸರ್ಕಾರದ ಪರವಾಗಿ ಷೇರು ಕೊಳ್ಳಲು ಹೋದ ಅಧಿಕಾರಿ ಅಬ್ದುಲ್ ಹಕ್, ತನ್ನದೇ ಷೇರುಗಳನ್ನು ಸರ್ಕಾರಕ್ಕೆ ಮಾರಿದ್ದು ಬಯಲಾಯಿತು. 1888ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟೇ ಸಮಿತಿ ಕೂರಿಸಿ ವಿಚಾರಣೆ ನಡೆಸಿತು. ಅವನ ಕೆಲಸ ಹೋಯಿತು.

ಅಂದರೆ ನೆಲದಿಂದ ಚಿನ್ನ ಮೇಲೆ ಬರುವ ಮೊದಲೇ ಕಾಗದದ ಮೇಲೆ ಚಿನ್ನ ಮಾಡಿಕೊಂಡವರು ಮಾಡಿಕೊಂಡರು. ನಮ್ಮ ಊರುಗಳಲ್ಲಿ ಈಗ ಮೊಬೈಲಿಗೆ ಬರುವ "ಹಣ ದುಪ್ಪಟ್ಟು" ಮೆಸೇಜು ನಂಬಿ ದುಡ್ಡು ಕಳೆದುಕೊಂಡವರಿಲ್ಲವೇ? ಆ ಕಂಪನಿಯ ಷೇರಿನ ಲೆಕ್ಕವನ್ನು ಗಣಿತದ ಮೇಡಂ ಬೋರ್ಡಿನ ಮೇಲೆ ಬಿಡಿಸಿ ತೋರಿಸಲಿದ್ದಾರೆ.

ಕಂಪನಿ ಕೆಲಸ ಮಾಡಲೇ ಇಲ್ಲ ಅಂತಲ್ಲ. ಮೊದಲು ವಂದಲಿಯಲ್ಲಿ, ಆಮೇಲೆ ಹಟ್ಟಿಯಲ್ಲಿ ಗಣಿ ನಡೆಯಿತು. ಹುಡುಕಾಟಕ್ಕೆ ಅವರಿಗೆ ದಾರಿ ತೋರಿಸಿದ್ದು ನಮ್ಮವರ ಹಳೆ ಗುಂಡಿಗಳೇ. ಎಲ್ಲಿ ಹಳೆ ಗುಂಡಿ ಇತ್ತೋ ಅಲ್ಲೇ ಹೊಸ ಶಾಫ್ಟು (ಗಣಿಗೆ ಇಳಿಯುವ ಬಾವಿ) ಇಳಿಸಿದರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಹಟ್ಟಿಯ ಕೆಲಸವೂ ನಿಂತಿತು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಎಂಬ ಹೆಸರಿನಲ್ಲಿ ಹೊಸ ಕಂಪನಿ ಆಯಿತು. ರಾಜ್ಯಗಳು ಮರುವಿಂಗಡಣೆಯಾದ 1956ರಲ್ಲಿ ಅದು ಹಟ್ಟಿ ಚಿನ್ನದ ಗಣಿ ಆಯಿತು. ಈಗ ಅದು ನಮ್ಮ ರಾಜ್ಯ ಸರ್ಕಾರದ್ದು.

ಇನ್ನೊಂದು ಲೆಕ್ಕವನ್ನು ಮನೆಯಲ್ಲೇ ಮಾಡಿಸಿ. ಇಂಥ ಗಣಿಗಳಲ್ಲಿ ಒಂದು ಟನ್ ಕಲ್ಲಿಗೆ ಸಿಗುವ ಚಿನ್ನ ಕೆಲವೇ ಗ್ರಾಂ. ಟನ್ನಿಗೆ 4 ಗ್ರಾಂ ಎಂದು ಹಿಡಿಯೋಣ. 10 ಗ್ರಾಮಿನ ಒಂದು ತೊಲಕ್ಕೆ ಎರಡೂವರೆ ಟನ್ ಕಲ್ಲು ಒಡೆಯಬೇಕು, ಮೇಲೆ ತರಬೇಕು, ಹಿಟ್ಟಿನಂತೆ ಪುಡಿ ಮಾಡಬೇಕು, ಪುಡಿಯಲ್ಲಿನ ಚಿನ್ನವನ್ನು ಸೈನೈಡ್ ನೀರಿನಲ್ಲಿ ಕರಗಿಸಬೇಕು. ಮದುವೆ ಮಾತುಕತೆಯಲ್ಲಿ "ಐದು ತೊಲ ಹಾಕ್ರಿ" ಎಂದು ಸಲೀಸಾಗಿ ಅನ್ನುವವರ ಮುಂದೆ ಈ ಲೆಕ್ಕ ಇಟ್ಟರೆ ಒಳ್ಳೆಯದು. (ಇದು ನನ್ನ ಸ್ವಂತ ಮಾತು, ಪಠ್ಯದ್ದಲ್ಲ.)

ನನಗೆ ಬೇಕಾದ ಸಹಾಯ ಈಗ ಹೇಳುತ್ತೇನೆ. ಅಶೋಕನ ಹೆಸರು ಬಂಡೆಯಲ್ಲಿದೆ, ಕಂಪನಿಯವರ ಹೆಸರು ಲಂಡನ್ನಿನ ಕಡತಗಳಲ್ಲಿದೆ. ಕಲ್ಲು ಕುಟ್ಟಿದವರ ಹೆಸರು ಎಲ್ಲೂ ಇಲ್ಲ. ಇತ್ತೀಚಿನ ಕಾಲದವರದ್ದಾದರೂ ಉಳಿಯಲಿ ಎಂದು ನನ್ನ ಆಸೆ. ನಿಮ್ಮ ಮನೆಯಲ್ಲಿ ಅಥವಾ ಬೀಗರಲ್ಲಿ ಹಟ್ಟಿ ಗಣಿಯಲ್ಲಿ ದುಡಿದವರಿದ್ದರೆ, ಮಕ್ಕಳು ಅವರ ಹತ್ತಿರ ಕೂತು ಮಾತಾಡಲಿ. ಎಷ್ಟನೇ ವಯಸ್ಸಿಗೆ ಸೇರಿದರು, ಮೊದಲ ದಿನ ಕೆಳಗೆ ಇಳಿದಾಗ ಏನನ್ನಿಸಿತು, ಪಾಳಿ ಮುಗಿಸಿ ಬಂದ ಮೇಲೆ ಏನು ಉಣ್ಣುತ್ತಿದ್ದರು, ಮನೆ ಹೆಣ್ಣುಮಕ್ಕಳು ಏನು ಮಾಡುತ್ತಿದ್ದರು, ಹೀಗೆ ಕೇಳಲಿ. ನೋವಿನ ವಿಷಯ ಬಂದರೆ ಒತ್ತಾಯ ಬೇಡ. ಹಳೆ ಫೋಟೊ, ಪಗಾರದ ಚೀಟಿ ಇದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರೆ ಸಾಕು. ಮೂಲ ಕಾಗದ ಶಾಲೆಗೆ ಕೊಡಬೇಡಿ, ಕಳೆದುಹೋದೀತು.

ಕೆಲವು ಎಚ್ಚರಿಕೆಗಳೂ ಇವೆ. ಗಣಿಯ ಒಳಗೆ ಮಕ್ಕಳನ್ನು ಇಳಿಸುವುದಿಲ್ಲ. 18 ವರ್ಷದೊಳಗಿನವರು ಇಳಿಯಲು ಕಾನೂನಿನಲ್ಲೇ ಅವಕಾಶವಿಲ್ಲ, "ನಮ್ಮ ಹುಡುಗನ್ನ ಒಬ್ಬನ್ನೇ ಬಿಡಿಸ್ರಿ ಸರ್" ಎಂದು ದಯವಿಟ್ಟು ಫೋನ್ ಮಾಡಬೇಡಿ. ಹಳೆ ಗುಂಡಿಗಳ ಹತ್ತಿರ ಹೋಗುವಂತಿಲ್ಲ. ಮೇಲೆ ಮುಳ್ಳಿನ ಪೊದೆ ಬೆಳೆದಿರುತ್ತದೆ, ಕೆಳಗೆ ಎಷ್ಟು ಆಳ ಎಂದು ಕಾಣುವುದಿಲ್ಲ. ಚಿನ್ನ ತೆಗೆದು ಬಿಟ್ಟ ಬೂದು ಮಣ್ಣಿನ ಗುಡ್ಡೆಗಳನ್ನು ಮುಟ್ಟುವಂತಿಲ್ಲ, ಅದರಲ್ಲಿ ರಾಸಾಯನಿಕ ಇರುತ್ತದೆ. ಮನೆಗೆ ಕಲ್ಲು ಹೊತ್ತು ತಂದು "ಇದ್ರಾಗ ಚಿನ್ನ ಐತಿ" ಅಂದರೆ ನಂಬಬೇಡಿ. ಮಿಂಚುವ ಹಳದಿ ಹರಳೆಲ್ಲ ಚಿನ್ನವಲ್ಲ. ಹೆಚ್ಚಿನ ಸಲ ಅದು ಕಬ್ಬಿಣ, ಗಂಧಕ ಸೇರಿದ ಪೈರೈಟ್. ಸುತ್ತಿಗೆಯಿಂದ ಹೊಡೆದರೆ ಚಿನ್ನ ಚಪ್ಪಟೆಯಾಗುತ್ತದೆ, ಪೈರೈಟ್ ಪುಡಿಯಾಗುತ್ತದೆ. ಈ ಪರೀಕ್ಷೆಯನ್ನು ಶಾಲೆಯಲ್ಲೇ ಮಾಡಿಸುತ್ತೇವೆ.

ಬಸ್ಸು ಬೆಳಿಗ್ಗೆ 7 ಗಂಟೆಗೆ ಶಾಲೆ ಮುಂದಿನಿಂದ ಹೊರಡುತ್ತದೆ. ಮಸ್ಕಿ ಗುಡ್ಡಕ್ಕೆ ಬಿಸಿಲೇರುವ ಮೊದಲೇ ಹತ್ತಬೇಕು, ಆದ್ದರಿಂದ ತಡ ಮಾಡಬೇಡಿ. ಬುತ್ತಿ ಕಟ್ಟಿ ಕೊಡಿ. ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಸಂಜೆವರೆಗೂ ಕೆಡುವುದಿಲ್ಲ, ಮೊಸರನ್ನ ಬೇಡ. ಎರಡು ಬಾಟಲಿ ನೀರು, ಟೋಪಿ, ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಬೂಟು ಇರಲಿ. ಹೆಣ್ಣುಮಕ್ಕಳ ಜೊತೆ ಇಬ್ಬರು ಮೇಡಂ ಬರುತ್ತಾರೆ. ಮೈಮೇಲೆ ಒಡವೆ ಹಾಕಿ ಕಳಿಸಬೇಡಿ. ಚಿನ್ನದ ಊರಿಗೆ ಹೋಗುವಾಗ ಚಿನ್ನ ಕಳೆದುಕೊಂಡು ಬಂದರೆ ಊರೆಲ್ಲ ನಗುತ್ತದೆ. ಬಸ್ಸಿನ ಹಣ ಕಟ್ಟಲು ಕಷ್ಟ ಇರುವವರು ಸಂಕೋಚ ಬಿಟ್ಟು ನನ್ನನ್ನು ಒಬ್ಬರೇ ಬಂದು ಕಾಣಿ, ಯಾವ ಮಗುವೂ ಹಿಂದೆ ಉಳಿಯುವುದಿಲ್ಲ.

ಒಪ್ಪಿಗೆ ಚೀಟಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ ಗುರುವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಗಣಿಯಲ್ಲಿ ದುಡಿದ ಅಜ್ಜಂದಿರಲ್ಲಿ ಯಾರಾದರೂ ನಮ್ಮ ಜೊತೆ ಬರಲು ಒಪ್ಪಿದರೆ ಅದನ್ನೂ ಚೀಟಿಯ ಹಿಂದೆ ಬರೆಯಿರಿ. ಬಸ್ಸಿನ ಮುಂದಿನ ಸೀಟು ಅವರಿಗೇ.

ನಿಮ್ಮ,
ಮುಖ್ಯ ಗುರುಗಳು
ಸರ್ಕಾರಿ ಪ್ರೌಢಶಾಲೆ, ರಾಯಚೂರು ಜಿಲ್ಲೆ